ಒಗ್ಗರಣೆ ಸೌಟಿನಲ್ಲಿ ಕರಗಿದ ಬಣ್ಣ

ಮುರಿದ ಬಣ್ಣದ ಕಡ್ಡಿಗಳನ್ನು ಕರಗಿಸಿ ಹೊಸ ಕಡ್ಡಿ ಮಾಡುವುದನ್ನು ನಮಗೆ ಕಲಿಸಿದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಮದುವೆಯಾದ ವರ್ಷವೇ ಅವಳಿಗೂ ಗಂಡನಿಗೂ ಒಟ್ಟಿಗೆ ಸಿಡುಬು ಬಂತಂತೆ. ಗಂಡ ಹೋದ. ಅವಳು ಮುಖ ತುಂಬ ಕುಳಿ ಹೊತ್ತುಕೊಂಡು ತವರಿಗೆ ಬಂದಳು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಇದ್ದಳು ಎನ್ನುವುದಕ್ಕಿಂತ ಇರಗೊಟ್ಟಿದ್ದರು ಎನ್ನಬೇಕು. "ಮಕ್ಕಳನ್ನು ನೋಡಿಕೊಳ್ಳುದಕ್ಕೆ ಒಬ್ಬಳು ಬೇಕಲ್ಲ, ಇರಲಿ" ಎಂದು ಅಪ್ಪ ಬಂದವರ ಎದುರು ಹೇಳುತ್ತಿದ್ದರು, ಅವಳ ಕಿವಿಗೆ ಬೀಳುವ ಹಾಗೆಯೇ. ಮಕ್ಕಳು ದೊಡ್ಡವರಾದ ಮೇಲೆ ಅವಳ ಗತಿ ಏನು ಎಂದು ಯಾರೂ ಕೇಳಲಿಲ್ಲ. ಅವಳು ಮಾತ್ರ ತನ್ನನ್ನೇ ಕೇಳಿಕೊಂಡಿರಬೇಕು. ನಮ್ಮನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಇಟ್ಟುಕೊಂಡ ರೀತಿ ನೆನೆದರೆ ನನಗೆ ಹಾಗನ್ನಿಸುತ್ತದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಪುತ್ತೂರಿನ ಹತ್ತಿರದ ಕಬಕದಲ್ಲಿ, ವಿಟ್ಲದ ದಾರಿ ಕವಲೊಡೆಯುವಲ್ಲಿ ಅಪ್ಪನ ಹೋಟೆಲು. ಹೋಟೆಲೆಂದರೆ ಎರಡು ಬೆಂಚು, ಗಾಜಿನ ಒಂದು ಕಪಾಟು, ದೊಡ್ಡದೊಂದು ಬಾಣಲೆ. ಆ ಬಾಣಲೆಯೇ ನಮ್ಮ ಅನ್ನ. ಅದರಲ್ಲಿ ಅಪ್ಪ ಉಂಡೆಯಾಗಿ ಕರಿಯುತ್ತಿದ್ದ ಗೋಳಿಬಜೆಗೆ ಬಸ್ಸಿನ ಡ್ರೈವರುಗಳು ದೂರದಿಂದಲೇ ಹಾರ್ನು ಹಾಕುತ್ತಿದ್ದರು, ಬಿಸಿ ಬಿಸಿ ತೆಗೆದಿಡಿ ಎಂದು. ಹೋಟೆಲಿನ ಹಿಂದೆ ಒಂದು ಅಂಗಳ, ಅಂಗಳ ದಾಟಿದರೆ ಮನೆ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ಅತ್ತೆಗೂ ಹೆತ್ತ ತಾಯಿಯಾದ ಅಜ್ಜಿ, ಅಪ್ಪ, ಅಮ್ಮ, ಅತ್ತೆ, ನಾನು, ನನ್ನ ತಮ್ಮ. ನನಗೆ ಹತ್ತು ವರ್ಷ, ತಮ್ಮನಿಗೆ ಐದು ತುಂಬಿರಲಿಲ್ಲ.

ಬಣ್ಣದ ಕಡ್ಡಿ ನಮ್ಮ ಮನೆಗೆ ಬಂದದ್ದು ಬೊಂಬಾಯಿಯಿಂದ. ಜವಳಿ ತರಲು ಅಲ್ಲಿಗೆ ಹೋಗಿ ಬರುತ್ತಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ಅಪ್ಪನ ಕಾಯಂ ಗಿರಾಕಿ. ಒಮ್ಮೆ ಚಹಾದ ಲೋಟ ಕೆಳಗಿಟ್ಟು, ಚೀಲದಿಂದ ರಟ್ಟಿನ ಪೆಟ್ಟಿಗೆ ತೆಗೆದು, "ಹಿಡಿ ಮಗಳೇ, ತಮ್ಮನಿಗೂ ಕೊಡು" ಎಂದರು. ಶಾಲೆಯಲ್ಲಿ ನಮಗೆ ಸ್ಲೇಟು, ಕಡ್ಡಿ ಬಿಟ್ಟರೆ ಬೇರೆ ಬಣ್ಣ ಗೊತ್ತಿರಲಿಲ್ಲ. ಮೇಣದ ಆ ಕಡ್ಡಿಗಳನ್ನು ಮೂಸಿ ನೋಡಿದೆವು, ತಮ್ಮ ಒಂದನ್ನು ಕಚ್ಚಿಯೂ ನೋಡಿದ. ಹಳದಿ ಬಣ್ಣದ ತುಂಡೊಂದು ಅವನ ಹೊಟ್ಟೆಗೆ ಹೋಗಿ, ಅಜ್ಜಿ ಗಾಬರಿಯಿಂದ ಅವನಿಗೆ ಎರಡು ದಿನ ಬರೇ ಗಂಜಿ ಕೊಟ್ಟಳು.

ಮಕ್ಕಳ ಕೈಗೆ ಸಿಕ್ಕ ಮೇಣ ಎಷ್ಟು ದಿನ ಬಾಳೀತು? ಮಳೆಗಾಲ ಮುಗಿಯುವಾಗ ಪೆಟ್ಟಿಗೆಯಲ್ಲಿ ತುಂಡುಗಳಷ್ಟೇ ಉಳಿದಿದ್ದವು, ಉಗುರಿನಲ್ಲಿ ಹಿಡಿದರೂ ಜಾರುವಂಥವು. ಎಸೆಯಲು ಹೊರಟ ನನ್ನನ್ನು ಅತ್ತೆ ತಡೆದಳು. "ಮೇಣ ಅಲ್ಲವಾ? ಕರಗಿಸಿದರೆ ಆಯ್ತಪ್ಪ." ಬಪ್ಪಂಗಾಯಿ, ಅಂದರೆ ಪರಂಗಿ ಗಿಡದ ಎಲೆಯ ದಂಟು ಕೊಳವೆಯ ಹಾಗೆ ಟೊಳ್ಳು ಎಂದು ನಮಗೂ ಗೊತ್ತಿತ್ತು, ಅದರಲ್ಲಿ ಪೀಪಿ ಊದಿದವರು ನಾವು. ಅದನ್ನು ಅಚ್ಚು ಮಾಡಬಹುದೆಂದು ಹೊಳೆದದ್ದು ಅವಳಿಗೆ. ದಂಟನ್ನು ಗೇಣುದ್ದ ಕತ್ತರಿಸಿ, ಒಂದು ತುದಿಗೆ ಮಣ್ಣು ಮೆತ್ತಿ, ಒಳಗೆ ಕೋಳಿ ಗರಿಯಿಂದ ತೆಂಗಿನೆಣ್ಣೆ ಸವರಿ, ತೆಂಗಿನ ಗೆರಟೆಯಲ್ಲಿ ಹೊಯಿಗೆ, ಅಂದರೆ ಮರಳು, ತುಂಬಿ ಅದರಲ್ಲಿ ನೆಟ್ಟಗೆ ನಿಲ್ಲಿಸಿದಳು. ಕಡ್ಡಿಗಳ ಕಾಗದ ಸುಲಿಯುವುದು ನನ್ನ ಕೆಲಸ, ಬಣ್ಣ ಬಣ್ಣ ಬೇರೆ ಮಾಡುವುದು ತಮ್ಮನ ಕೆಲಸ. ಒಂದು ಡಬ್ಬದ ಮುಚ್ಚಳದಲ್ಲಿ ಮೇಣ ಕರಗಿಸಿ ಹೊಯ್ದಳು. ದಂಟು ಹಸಿಯಿದ್ದದ್ದರಿಂದ ಮೇಣ ಸಿಡಿದು ಅವಳ ಮೊಣಕೈಗೆ ಹಾರಿತು. ಮರುದಿನ ಬೆಳಿಗ್ಗೆ ದಂಟನ್ನು ಸೀಳಿದರೆ ಒಳಗಿಂದ ಸೆಗಣಿ ಬಣ್ಣದ ಕೋಲು ಹೊರಬಂತು. ತಮ್ಮ ಎಲ್ಲ ಬಣ್ಣಗಳನ್ನೂ ಒಂದೇ ರಾಶಿಗೆ ಹಾಕಿ, ಬೇರೆ ಮಾಡಿದೆ ಎಂದಿದ್ದ. "ನಿನ್ನನ್ನು ನಂಬಿದರೆ ಮುಗೀತು ಮಾರಾಯ" ಎಂದು ಅತ್ತೆ ಅವನ ಕಿವಿ ಹಿಂಡಿದಳು. ಆ ಸೆಗಣಿ ಕೋಲಿನಿಂದಲೇ ಅವನು ಅಂಗಳದ ಗೋಡೆ ತುಂಬ ಎಮ್ಮೆ ಬರೆದ.

ಆಮೇಲೆ ಅದೊಂದು ಆಟವೇ ಆಯಿತು. ದಂಟನ್ನು ಬಿಸಿಲಿಗಿಟ್ಟು ಬಾಡಿಸಬೇಕು, ಕಾಗದಕ್ಕೆ ಹತ್ತದ ಬಿಳಿ ತುಂಡುಗಳನ್ನು ಬೇರೆ ಬಣ್ಣಕ್ಕೆ ಸೇರಿಸಿ ಹೆಚ್ಚು ಮಾಡಬೇಕು, ಹೀಗೆಲ್ಲ ಕಲಿತೆವು. ಅತ್ತೆ ನಗುತ್ತಿದ್ದದ್ದು ನನಗೆ ನೆನಪಿರುವುದು ಆ ಕೆಲವು ತಿಂಗಳುಗಳಲ್ಲಿ ಮಾತ್ರ.

ಬೇಸಗೆಯಲ್ಲಿ ತಮ್ಮನಿಗೆ ಜ್ವರ ಬಂತು. ಮೂರನೆಯ ದಿನ ಹಣೆಯ ಮೇಲೆ ಬೊಕ್ಕೆ ಎದ್ದವು. ಶಾಲೆಯಲ್ಲಿ ನಮಗೆಲ್ಲ ತೋಳಿಗೆ ಚುಚ್ಚಿ ಸಿಡುಬಿನ ದಾಕು ಹಾಕಿದ್ದರು. ಅವನು ಇನ್ನೂ ಶಾಲೆಗೆ ಸೇರಿರಲಿಲ್ಲ, ಅವನಿಗೆ ಹಾಕಿಸಬೇಕೆಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ಅಜ್ಜಿ ಬೊಕ್ಕೆ ನೋಡಿ ಕೈಮುಗಿದು, "ದೇವಿ ಬಂದಿದ್ದಾಳೆ" ಎಂದಳು. ಅಮ್ಮನಿಗೆ ಆಗ ತುಂಬಿದ ಬಸಿರು. ಅವಳು ಆ ಕೋಣೆಯ ಹೊಸ್ತಿಲು ದಾಟಬಾರದು ಎಂದಾಯಿತು. ಒಮ್ಮೆ ದೇವಿ ಬಂದುಹೋದವರ ಮೈಗೆ ಮತ್ತೆ ಬರುವುದಿಲ್ಲವೆಂದು ಅತ್ತೆಯೇ ಅವನ ಹತ್ತಿರ ಕೂರುವುದೆಂದಾಯಿತು. ಅವಳನ್ನು ಯಾರೂ ಕೇಳಲಿಲ್ಲ, ಅವಳೇ ಚಾಪೆ ಎತ್ತಿಕೊಂಡು ಒಳಗೆ ಹೋದಳು.

ದೇವಿ ಬಂದ ಮನೆಗೆ ಕಟ್ಟಳೆಗಳಿವೆ. ಎಣ್ಣೆಯಲ್ಲಿ ಕರಿಯಬಾರದು, ಒಗ್ಗರಣೆ ಹಾಕಬಾರದು. ಎಣ್ಣೆ ಕಾದ ವಾಸನೆ ಬಂದರೆ ದೇವಿ ಮುನಿಯುತ್ತಾಳೆ, ರೋಗಿಯ ಮೈ ಉರಿಯುತ್ತದೆ, ಎಂದು. ಅಜ್ಜಿ ಒಗ್ಗರಣೆ ಸೌಟನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕಿದಳು. ಗಂಜಿ, ಬೇಯಿಸಿದ ತರಕಾರಿ, ನೀರು ಮಜ್ಜಿಗೆ, ಇಷ್ಟೇ ಊಟ. ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆಯಾದ್ದರಿಂದಲೇ ಊರಿಗೆ ಸುದ್ದಿಯೂ ಹಾಗೆಯೇ ಹರಡುತ್ತಿತ್ತು. ಯಾವ ಮನೆಯಿಂದ ಸಾಸಿವೆ ಸಿಡಿಯುವ ಸದ್ದು ನಿಂತಿತೋ ಆ ಮನೆಯ ಕಡೆ ಜನ ತಲೆ ಹಾಕುತ್ತಿರಲಿಲ್ಲ.

ಹಾಗಿರುವಾಗ ಹೋಟೆಲಿನ ಬಾಣಲೆ ಇಳಿದರೆ? ಗೋಳಿಬಜೆ ಇಲ್ಲದ ಒಂದು ಬೆಳಿಗ್ಗೆ ಸಾಕು, ಎಲ್ಲ ಡ್ರೈವರುಗಳ ಬಾಯಲ್ಲೂ ಪುತ್ತೂರಿನವರೆಗೆ ನಮ್ಮ ಮನೆಯ ಮಾತೇ. ಅಪ್ಪ ಅಜ್ಜಿಯ ಎದುರು, "ಬಾಣಲೆ ಇಳಿಸಿದ್ದೇನೆ ಅಮ್ಮ, ಬರೇ ಚಹಾ, ಅವಲಕ್ಕಿ" ಎಂದರು. ಅಜ್ಜಿ ನಂಬಿದಳು. ನಶ್ಯ ಏರಿಸಿ ಏರಿಸಿ ಅವಳ ಮೂಗು ಯಾವತ್ತೋ ಸತ್ತಿತ್ತು, ಹೋಟೆಲಿನ ಕಡೆ ಅವಳು ಹೋಗುತ್ತಲೂ ಇರಲಿಲ್ಲ. ನಾನು ಬಾಳೆಲೆ ಕೊಡಲು ಹೋದಾಗ ಕಂಡೆ. ಬಾಣಲೆ ಕುದಿಯುತ್ತಿತ್ತು, ಅಪ್ಪ ಹಿಟ್ಟು ಬಿಡುತ್ತಿದ್ದರು, ಬೆಂಚಿನ ತುಂಬ ಜನ. ನನ್ನನ್ನು ಕಂಡು ಅಪ್ಪ ಕಣ್ಣಿನಲ್ಲೇ ಗದರಿದರು. ಸಿಡುಬಿನ ಮನೆಯವರ ಕೈಯಿಂದ ತಿಂದುಹೋದ ಆ ಜನರಲ್ಲಿ ಯಾರಿಗಾದರೂ ಬೇನೆ ತಗುಲಿತೋ ನಮಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅಪ್ಪ ಹೋಗಲೂ ಇಲ್ಲ. ಇದನ್ನು ಬರೆಯುವಾಗ ಇಂದಿಗೂ ನನ್ನ ಮೈ ಸಿಟ್ಟಿನಿಂದ ಬಿಸಿಯಾಗುತ್ತದೆ.

ತಮ್ಮ ಮಲಗಿದ ಕೋಣೆಗೆ ರಸ್ತೆಯ ಸದ್ದು ಕೇಳುತ್ತಿತ್ತು. ಬಸ್ಸು ಬಂದು ನಿಂತಾಗಲೆಲ್ಲ ಅವನು ಕಣ್ಣು ತೆರೆಯುತ್ತಿದ್ದ, ಒಂದು ಕಣ್ಣು ಮಾತ್ರ; ಇನ್ನೊಂದು ಊದಿ ಮುಚ್ಚಿತ್ತು. ನಾನು ಬಾಗಿಲ ಹೊರಗೆ ಕೂತು ಅವನನ್ನು ನೋಡುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಅವನು ಬಸ್ಸು ಬರೆಯಬೇಕು ಎಂದ. ಕೆಂಪು ಬಸ್ಸು. ಅತ್ತೆ ಅವನ ಕೈಗೆ ಕೆಂಪು ಕಡ್ಡಿಯ ತುಂಡು ಕೊಟ್ಟಳು. ಬೆರಳ ತುದಿಯವರೆಗೂ ಬೊಕ್ಕೆ. ಅವನಿಗೆ ಹಿಡಿಯಲಾಗಲಿಲ್ಲ, ತುಂಡು ಬಿದ್ದುಹೋಯಿತು. ಎರಡು ಸಲ ಎತ್ತಿಕೊಟ್ಟಳು, ಎರಡು ಸಲವೂ ಬಿತ್ತು. ಅವನು ಅಳಲಿಲ್ಲ. ಅಳುವಷ್ಟು ಶಕ್ತಿಯಿರಲಿಲ್ಲ.

"ದಪ್ಪದ್ದು ಮಾಡಿಕೊಡ್ತೇನೆ ಮಗಾ," ಅತ್ತೆ ಹೇಳಿದಳು. "ಮುಷ್ಟಿಯಲ್ಲಿ ಹಿಡಿಯುವಂಥದ್ದು. ನಾಳೆ ಬಸ್ಸು ಬರಿ."

ಪೆಟ್ಟಿಗೆಯಲ್ಲಿ ಉಳಿದಿದ್ದ ಕೆಂಪು, ಕಿತ್ತಳೆ, ಗುಲಾಬಿ ತುಂಡುಗಳನ್ನೆಲ್ಲ ನಾವಿಬ್ಬರೂ ಆರಿಸಿದೆವು. ಬಿದಿರಿನ ದಪ್ಪ ಕೊಳವೆಯೊಂದನ್ನು ಹುಡುಕಿ, ಸೀಳಿ ಮತ್ತೆ ಬಾಳೆನಾರಿನಿಂದ ಕಟ್ಟಿದೆವು. ಅಡಿಗೆಮನೆಯ ಒಲೆ ಬೇಡವೆಂದು ಅತ್ತೆ ಬಚ್ಚಲಿನ ಒಲೆಗೆ ಹೋದಳು. ಕಟ್ಟಳೆಯನ್ನು ಅವಳು ನನಗಿಂತ, ಅಮ್ಮನಿಗಿಂತ, ಅಪ್ಪನಿಗಿಂತ ಗಟ್ಟಿಯಾಗಿ ನಂಬುತ್ತಿದ್ದಳು. ಮೇಣ ಎಣ್ಣೆಯಲ್ಲ, ಬಚ್ಚಲೊಲೆ ಅಡಿಗೆಯ ಒಲೆಯಲ್ಲ, ಹಾಗಾಗಿ ಅಡ್ಡಿಯಿಲ್ಲ ಎಂದು ತನ್ನೊಳಗೆ ಲೆಕ್ಕ ಹಾಕಿರಬೇಕು. ಆದರೆ ಹಳೆಯ ಡಬ್ಬದ ಮುಚ್ಚಳ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಮೊಳೆಯಲ್ಲಿ ಕೆಲಸವಿಲ್ಲದೆ ತೂಗುತ್ತಿದ್ದ ಒಗ್ಗರಣೆ ಸೌಟು. ಅದೊಂದನ್ನು ಅವಳು ಯೋಚಿಸಲಿಲ್ಲ. ಹೊಸ್ತಿಲಿನಾಚೆ ಕೂತಿದ್ದ ಅಮ್ಮ ಅವಳು ಸೌಟು ತೆಗೆದುಕೊಂಡು ಹೋಗುವುದನ್ನು ಕಂಡಳು, ಮಗನಿಗಾಗಿ ಎಂದು ಗೊತ್ತಿತ್ತು, ಏನೂ ಹೇಳಲಿಲ್ಲ.

ಮೇಣ ಕರಗಿ ಕೆಂಪಗೆ ಕುದಿಬರುವ ಹೊತ್ತಿಗೆ ಅಜ್ಜಿ ಕಾಲು ತೊಳೆಯಲು ಬಚ್ಚಲಿಗೆ ಬಂದಳು. ಒಲೆಯ ಮೇಲೆ ಸೌಟು. ಸೌಟಿನಲ್ಲಿ ಏನೋ ಕೆಂಪಗೆ ಗುಳುಗುಳು. ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು.

"ಎಂತ ಮಾಡಿದೆ ನೀನು?" ಎಂದಳು ಮಗಳಿಗೆ. ಜೋರಾಗಿಯೂ ಹೇಳಲಿಲ್ಲ.

ಅತ್ತೆ ಸೌಟು ಇಳಿಸಿದಳು. ಆದರೆ ಕರಗಿದ್ದನ್ನು ಚೆಲ್ಲಲಿಲ್ಲ, ಕೊಳವೆಗೆ ಹೊಯ್ದಳು. ಸ್ವಲ್ಪ ಹೊಯಿಗೆಗೂ ಬಿತ್ತು. ಮರುದಿನ ಬೆಳಿಗ್ಗೆ ತಮ್ಮ ಆ ದಪ್ಪ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು, ಚಾಪೆಯ ಬದಿಯ ಗೋಡೆಯಲ್ಲಿ ಒಂದು ಚೌಕ ಬರೆದ. ಕೆಳಗೆ ಒಂದು ಚಕ್ರ ಬರೆದ. ಎರಡನೆಯ ಚಕ್ರ ಬರೆಯುವಾಗ ಸುಸ್ತಾಗಿ, "ಆಮೇಲೆ" ಎಂದ. ಅದರ ಮಾರನೆಯ ದಿನ ಹೋಟೆಲಿನಲ್ಲಿ ಹನ್ನೊಂದು ಗಂಟೆಯ ಬಸ್ಸಿನವರು ಚಹಾ ಕುಡಿಯುತ್ತಿದ್ದ ಹೊತ್ತಿನಲ್ಲಿ ಅವನು ಹೋದ.

ಹಿಂಬಾಗಿಲಿನಿಂದ ಕೊಂಡುಹೋದರು. ಕೇಳಿದವರಿಗೆ ಸನ್ನಿಜ್ವರ ಎಂದರು. ಚಾಪೆ, ಹೊದಿಕೆ, ಬಣ್ಣದ ಪೆಟ್ಟಿಗೆ, ಆ ಕಡ್ಡಿ, ಎಲ್ಲವನ್ನೂ ಸುಟ್ಟರು. ಅಮ್ಮ ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಅಳು ಸ್ವಲ್ಪ ಹಿಂಗಿದ ಮೇಲೆ ಎಲ್ಲರೂ ಜಗಲಿಯಲ್ಲಿ ಸೇರಿದ್ದಾಗ ಅಜ್ಜಿ ಮಾತು ತೆಗೆದಳು. ಬೊಕ್ಕೆ ಬಾಡುತ್ತ ಬಂದಿದ್ದವು, ಮಗು ಉಳಿಯುತ್ತಿತ್ತು, ದೇವಿಯ ಎದುರು ಇವಳು ಸೌಟು ಕಾಯಿಸಿದಳು, ಎಂದಳು. ಬೊಕ್ಕೆ ಬಾಡಿರಲಿಲ್ಲ. ಕೀವು ತುಂಬಿ ಒಂದಕ್ಕೊಂದು ಕೂಡಿಕೊಂಡಿದ್ದವು. ನಾನು ನೋಡಿದ್ದೆ. ಆದರೆ ಸಾವಿನ ಮನೆಗೆ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿತು.

ಅಪ್ಪ ತಲೆ ಎತ್ತಿ ತಂಗಿಯ ಕಡೆ ನೋಡಿದರು. "ನಿನಗೆ ಅಷ್ಟೂ ತಿಳಿಯುದಿಲ್ಲವಾ? ಗಂಡನನ್ನು ತಿಂದದ್ದು ಸಾಕಾಗಲಿಲ್ಲವಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಮ್ಮ ಮಾಸ್ತರು ಶಾಲೆಯಲ್ಲಿ ಅರ್ಥ ಹೇಳಿ ಕಲಿಸಿದ್ದರು. ಆ ದಿನ ಜಗಲಿಯಲ್ಲಿ ಅದರ ಅರ್ಥವಾಯಿತು. ನನಗೆ ತಡೆಯಲಾಗಲಿಲ್ಲ. "ಹೋಟೆಲಿನಲ್ಲಿ ದಿನಾ ಗೋಳಿಬಜೆ ಕರೀತಿದ್ದರಲ್ಲ ಅಪ್ಪ" ಎಂದೆ. ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು. ಅಪ್ಪ ಅದುವರೆಗೆ ನನಗೆ ಹೊಡೆದವರಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು, ಅಷ್ಟೇ. ಅಜ್ಜಿಗೆ ಕಿವಿಯೂ ಸ್ವಲ್ಪ ದೂರ. "ಎಂತ ಹೇಳಿದ್ದು ಅದು?" ಎಂದು ಕೇಳಿದಳು.

ಅಮ್ಮ ಮಾತಾಡಲಿಲ್ಲ. ಅಪ್ಪನ ಮುಖದ ಬಣ್ಣ ಹೋಗಿತ್ತು. ಆಗ ಅತ್ತೆ ನನ್ನನ್ನು ತನ್ನ ಕಡೆ ಎಳೆದುಕೊಂಡು, "ಎಂತ ಇಲ್ಲ ಅಮ್ಮ. ಹಸಿವು ಅಂತೆ" ಎಂದಳು. ಹಾಗೆಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಆ ಕೈ ಸುಟ್ಟ ಮೇಣದ ವಾಸನೆ ಹೊಡೆಯುತ್ತಿತ್ತು.

"ಆ ಕೈ ಇನ್ನು ಈ ಮನೆಯ ಒಲೆ ಮುಟ್ಟುದು ಬೇಡ" ಎಂದು ಅಜ್ಜಿ ಹೇಳಿದ ಮೇಲೆ ಅವಳಿಗೆ ಅಲ್ಲಿ ಉಳಿದದ್ದು ಏನು? ನನ್ನ ಜಡೆ ಹೆಣೆಯಲು ಬಂದರೆ ಅಜ್ಜಿ ಕರೆದು ನನ್ನನ್ನು ಎಬ್ಬಿಸುತ್ತಿದ್ದಳು. ಹುಟ್ಟಲಿರುವ ಮಗುವಿನ ಮೇಲೆ ಇವಳ ನೆರಳು ಬೀಳಬಾರದೆಂದು ಅಪ್ಪನೂ ಅಜ್ಜಿಯೂ ಸೇರಿ ತೀರ್ಮಾನಿಸಿದರು. ಕಡಬದ ಕಡೆ ದೂರದ ನೆಂಟರ ಮನೆಯಲ್ಲಿ ಅಡಿಗೆಗೆ ಜನ ಬೇಕಿತ್ತು. ಒಂದು ಬೆಳಿಗ್ಗೆ ಅಪ್ಪನೇ ಬಸ್ಸು ನಿಲ್ಲಿಸಿ ಅವಳನ್ನು ಹತ್ತಿಸಿದರು. ನಾನು ಹಿಂದೆ ಓಡಿಹೋಗಿ ಸೀರೆ ಹಿಡಿದೆ. ಅತ್ತೆ ಒಂದೊಂದೇ ಬೆರಳು ಬಿಡಿಸಿದಳು. "ಶಾಲೆ ಬಿಡಬೇಡ" ಎಂದಳು. ಅಮ್ಮ ಒಳಗಿನಿಂದ ಹೊರಗೆ ಬರಲಿಲ್ಲ.

ನಾನು ಶಾಲೆ ಬಿಡಲಿಲ್ಲ. ಓದಿ, ಟ್ರೈನಿಂಗ್ ಮುಗಿಸಿ, ಸುಳ್ಯದ ಕಡೆಯ ಒಂದು ಶಾಲೆಯಲ್ಲಿ ಟೀಚರಾದೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಇಷ್ಟು ವರ್ಷ ಅಪ್ಪ ಒಮ್ಮೆಯೂ ಕಡಬಕ್ಕೆ ಹೋಗಿರಲಿಲ್ಲ, ಅತ್ತೆಯನ್ನು ಮನೆಯ ಒಂದು ಶುಭಕಾರ್ಯಕ್ಕೂ ಕರೆದಿರಲಿಲ್ಲ. ಕೆಲಸ ಸಿಕ್ಕಿದ ವರ್ಷದ ಬೇಸಗೆ ರಜೆಯಲ್ಲಿ ನಾನೇ ಹೊರಟೆ. ಬಸ್ಸು ಇಳಿದು, ಕೇಳಿಕೊಂಡು ಹೋಗಿ ಆ ಮನೆ ಮುಟ್ಟಿದಾಗ ಅತ್ತೆ ಹಿಂದಿನ ಚಾವಡಿಯಲ್ಲಿ ಕಡೆಯುವ ಕಲ್ಲಿನ ಮುಂದೆ ಕೂತಿದ್ದಳು. ವಯಸ್ಸಿಗೆ ಮುಂಚೆಯೇ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವಳಿಗೆ ಹೊತ್ತೇ ಬೇಕಾಗಲಿಲ್ಲ. ಕೈ ತೊಳೆದು ಬಂದು ನನ್ನ ಮುಖ ಮುಟ್ಟಿ ಮುಟ್ಟಿ ನೋಡಿದಳು.

ಊಟವಾದ ಮೇಲೆ ನಾನು ಹೇಳಲೆಂದು ಹೋಗಿದ್ದನ್ನು ಹೇಳಿದೆ. "ಅತ್ತೆ, ಅವನು ಮಲಗಿದಷ್ಟು ದಿನವೂ ಹೋಟೆಲಿನ ಬಾಣಲೆ ಇಳಿದಿರಲಿಲ್ಲ."

"ಗೊತ್ತುಂಟು" ಎಂದಳು. "ನಾನು ಅವನ ಹತ್ತಿರ ಕೂತವಳಲ್ಲವಾ? ಕಿಟಕಿಯಿಂದ ದಿನಾ ವಾಸನೆ ಬರುದು. ದೇವಿಗೆ ತಾಗುದು ಬೇಡ ಅಂತ ನಾನೇ ಗೋಣಿ ಒದ್ದೆ ಮಾಡಿ ಅಡ್ಡ ಕಟ್ಟಿದ್ದು."

"ಮತ್ತೆ ಯಾಕೆ ಹೇಳಲಿಲ್ಲ? ಅವತ್ತು ನಾನು ಹೇಳಿದಾಗಲೂ ಬಾಯಿ ಮುಚ್ಚಿಸಿದೆ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಹೇಳಿದರೆ ಮಗನನ್ನು ಅಪ್ಪನೇ ಕೊಂದ ಅಂತ ಆಗ್ತಿತ್ತು. ಆಮೇಲೆ ನಿನ್ನ ಅಮ್ಮ ಅವನಿಗೆ ಅನ್ನ ಬಡಿಸ್ತಿದ್ದಳಾ? ಅವನು ಆ ಮನೆಯಲ್ಲಿ ಬದುಕುದು ಹೇಗೆ? ನನ್ನದು ಹೇಗೂ ನೀವು ದೊಡ್ಡವರಾಗುವವರೆಗಿನ ಕತೆ. ಸ್ವಲ್ಪ ಮೊದಲೇ ಹೋದೆ, ಅಷ್ಟೇ. ಒಬ್ಬರು ಹೊರಬೇಕಿತ್ತು ಮಗಾ, ನಾನು ಹೊತ್ತೆ."

ನನಗೆ ದುಃಖ ಬಂತು, ಸಿಟ್ಟೂ ಬಂತು. ಅಪ್ಪನ ಮೇಲೆ ಬಂದ ಸಿಟ್ಟು ಅವಳ ಮೇಲೂ ಹರಿಯಿತು. ಇಂಥ ದೊಡ್ಡತನ ಯಾರಿಗೆ ಬೇಕಿತ್ತು? ಅವಳ ಎದೆಯ ಭಾರ ಇಳಿಸಿಬಿಡಬೇಕೆಂದು ನಾನು ಓದಿದ್ದನ್ನೆಲ್ಲ ಅವಳ ಮುಂದೆ ಹರವಿದೆ. ಸಿಡುಬು ಒಂದು ರೋಗ, ಅದು ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದು, ಅದಕ್ಕೆ ಒಗ್ಗರಣೆಯೂ ಗೊತ್ತಿಲ್ಲ, ಮೇಣವೂ ಗೊತ್ತಿಲ್ಲ, ಗೋಳಿಬಜೆಯೂ ಗೊತ್ತಿಲ್ಲ ಎಂದೆ. ನನಗೆ ದಾಕು ಹಾಕಿದ್ದರು, ಉಳಿದೆ. ಅವನಿಗೆ ಹಾಕಿರಲಿಲ್ಲ, ಹೋದ. ಎಣ್ಣೆ ಕಾಯಿಸಿದ್ದರೂ ಅಷ್ಟೇ, ಕಾಯಿಸದಿದ್ದರೂ ಅಷ್ಟೇ ಎಂದೆ.

ಅತ್ತೆ ಗಮನವಿಟ್ಟು ಕೇಳಿದಳು.

"ನನ್ನ ಸೌಟಿನಿಂದ ಅಲ್ಲವಾ?"

"ಅಲ್ಲ ಅತ್ತೆ."

"ಅಣ್ಣನ ಬಾಣಲೆಯಿಂದಲೂ ಅಲ್ಲವಾ?"

"ಅಲ್ಲ. ಯಾರಿಂದಲೂ ಅಲ್ಲ."

ಅವಳ ಮುಖ ಹಗುರಾಗುತ್ತದೆ ಎಂದು ನಾನು ಕಾದೆ. ಅವಳು ಚಾವಡಿಯ ಕಂಬಕ್ಕೆ ಒರಗಿ, ಅಂಗಳದಲ್ಲಿ ಒಣಗಲು ಹರಡಿದ ಆ ಮನೆಯವರ ಬಟ್ಟೆಗಳನ್ನು ನೋಡುತ್ತ ಕೂತಳು. ತುಂಬ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

"ಹಾಗಾದರೆ ನಾನು ಇಷ್ಟು ವರ್ಷ ಇಲ್ಲಿ ಕೂತದ್ದು ಎಂತಕ್ಕೆ?"

ಒಳಗಿನಿಂದ ಯಾರೋ ಚಹಾ ಮಾಡಲು ಕರೆದರು. ಅತ್ತೆ ಎದ್ದು ಒಳಗೆ ಹೋಗಿ ಒಲೆ ಊದತೊಡಗಿದಳು.